ಸಹಿ ಹಾಕುವ ಮುಂಚೆ ವಕೀಲರ ಹತ್ತಿರ ಒಂದು ಗಂಟೆ: ಅಮೆರಿಕದ ಕಾಲೇಜು ಕ್ರೀಡಾಪಟುಗಳಿಗೂ ಅವರ ಅಪ್ಪ ಅಮ್ಮಂದಿರಿಗೂ ಸಮಗ್ರ ಮಾರ್ಗದರ್ಶಿ

2022ರಲ್ಲಿ ಗರ್ವಾನ್ ಡೆಕ್ಸ್‌ಟರ್ ಫ್ಲೋರಿಡಾ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿದ್ದರು. ಬಿಗ್ ಲೀಗ್ ಅಡ್ವಾನ್ಸ್ ಎಂಬ ಕಂಪನಿ 4,36,485 ಡಾಲರ್ ಕೊಟ್ಟು ಅವರಿಂದ ಒಂದು ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡಿತು. ಅದರ ಪ್ರಕಾರ, ಮುಂದೆ ಅವರು ಎನ್‌ಎಫ್‌ಎಲ್ ಎಂಬ ವೃತ್ತಿಪರ ಲೀಗ್ ಸೇರಿದರೆ ಅಲ್ಲಿನ ಗಳಿಕೆಯಲ್ಲಿ ಶೇ. 15ನ್ನು ಕಂಪನಿಗೆ ಕೊಡಬೇಕು. ಅದೂ ತೆರಿಗೆ ಕಳೆಯುವ ಮುಂಚಿನ ಮೊತ್ತದ ಮೇಲೆ, 25 ವರ್ಷ ಕಾಲ. ಮರುವರ್ಷ ಆ ಲೀಗಿನ ಶಿಕಾಗೊ ಬೇರ್ಸ್ ತಂಡ ಆಟಗಾರರ ಆಯ್ಕೆಯ ಎರಡನೇ ಸುತ್ತಿನಲ್ಲೇ ಅವರನ್ನು ಆರಿಸಿಕೊಂಡಿತು. ಅದೇ ವರ್ಷ ಅವರು ಒಪ್ಪಂದ ರದ್ದಾಗಬೇಕೆಂದು ಕೋರ್ಟಿಗೆ ಹೋದರು. ನಮ್ಮ ಕಡೆ ಜಮೀನನ್ನು ಬೋಗ್ಯಕ್ಕೆ ಹಾಕುತ್ತಾರಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ. ವ್ಯತ್ಯಾಸ ಇಷ್ಟೇ: ಇಲ್ಲಿ ಬೋಗ್ಯಕ್ಕೆ ಹಾಕಿದ್ದು ಇನ್ನೂ ಕೈಗೇ ಬಾರದ ಸಂಬಳವನ್ನು.

ಆಗಿನ ಫ್ಲೋರಿಡಾ ಕಾನೂನಿನಲ್ಲಿ, ಇಂಥ ಒಪ್ಪಂದ ವಿದ್ಯಾರ್ಥಿಯ ಕಾಲೇಜು ಆಟ ಮುಗಿದ ಮೇಲೂ ಮುಂದುವರಿಯಬಾರದು ಎಂದಿತ್ತು. ಡೆಕ್ಸ್‌ಟರ್ ಹೂಡಿದ ದಾವೆಯ ಮುಖ್ಯ ವಾದವೂ ಅದೇ. ಆ ರಾಜ್ಯದ ಕಾನೂನು ಬಲ್ಲ ಯಾವ ವಕೀಲರಾದರೂ ಸಹಿಗೆ ಮುಂಚೆಯೇ ಹೇಳಬಹುದಾಗಿದ್ದ ಮಾತು ಅದು. ಸಹಿಯಾದ ಮೇಲೆ ಅದೇ ಮಾತನ್ನು ಹೇಳುವುದಕ್ಕೆ ಫೆಡರಲ್ ಕೋರ್ಟು ಬೇಕಾಯಿತು.

ಈ ಬರಹ ಅಮೆರಿಕದಲ್ಲಿ ನೆಲೆಸಿದ ಕನ್ನಡದ ಮನೆಗಳಿಗಾಗಿ ಬರೆದದ್ದು. ಇಲ್ಲಿಂದ ಈಜು, ಟೆನಿಸ್, ಅಥ್ಲೆಟಿಕ್ಸ್ ಸ್ಕಾಲರ್‌ಶಿಪ್ ಹಿಡಿದು ಅಲ್ಲಿಗೆ ಹೋಗುವ ಮಕ್ಕಳಿಗೂ ಇದು ಬೇಕಾಗುತ್ತದೆ. ಎರಡನೆಯವರ ಪಾಡು ಬೇರೆಯೇ. ಅದಕ್ಕೆ ಮುಂದೆ ಪ್ರತ್ಯೇಕವಾಗಿ ಬರುತ್ತೇನೆ.

ಮೊದಲು ಆಟದ ಅಂಗಳ ತಿಳಿದಿರಲಿ

ಬಹುಕಾಲ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಒಂದು ಡಾಲರ್ ಸಂಪಾದಿಸಿದರೂ ಆಡುವ ಅರ್ಹತೆ ಹೋಗುತ್ತಿತ್ತು. 2019ರ ಸೆಪ್ಟೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾ ಮೊದಲಾಗಿ ಇದರ ವಿರುದ್ಧ ಕಾಯ್ದೆ ತಂದಿತು. 2021ರ ಜೂನ್‌ನಲ್ಲಿ ಆಲ್‌ಸ್ಟನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ಕಾಲೇಜು ಕ್ರೀಡೆಯ ಆಡಳಿತ ಸಂಸ್ಥೆಯಾದ ಎನ್‌ಸಿಎಎ ವಿರುದ್ಧ ತೀರ್ಪು ಕೊಟ್ಟರು. ಅದು ಓದಿಗೆ ಸಂಬಂಧಿಸಿದ ಸವಲತ್ತುಗಳ ಪ್ರಕರಣ. ಆದರೂ ಅದರ ಬಿಸಿ ತಟ್ಟಿ, ಜುಲೈ 1ರಿಂದ ಹೆಸರು, ಚಿತ್ರ, ಚಹರೆಯಿಂದ ಹಣ ಗಳಿಸಲು ಎನ್‌ಸಿಎಎ ಅನುಮತಿ ಕೊಟ್ಟಿತು. ಇದನ್ನೇ ಎಲ್ಲರೂ ಎನ್‌ಐಎಲ್ ಎನ್ನುವುದು. 2025ರ ಜೂನ್ 6ರಂದು, ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ಹೌಸ್ ಪ್ರಕರಣದ ರಾಜಿಗೆ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕೆನ್ ಒಪ್ಪಿಗೆ ಕೊಟ್ಟ ಮೇಲೆ, ಅದಕ್ಕೆ ಸೇರಿದ ವಿಶ್ವವಿದ್ಯಾಲಯಗಳು ತಾವೇ ಆಟಗಾರರಿಗೆ ನೇರವಾಗಿ ಹಣ ಕೊಡಬಹುದಾಯಿತು. ಮೊದಲ ವರ್ಷದ ಮಿತಿ ಪ್ರತಿ ವಿಶ್ವವಿದ್ಯಾಲಯಕ್ಕೆ ಸುಮಾರು 2.05 ಕೋಟಿ ಡಾಲರ್.

ಹಾಗಾಗಿ ಇವತ್ತು ಒಬ್ಬ ಆಟಗಾರ್ತಿಯ ಮುಂದೆ ನಾಲ್ಕು ಬಗೆಯ ಕಾಗದ ಬರಬಹುದು: ಕಂಪನಿಯ ಜಾಹೀರಾತು ಒಪ್ಪಂದ, ದಾನಿಗಳ ಕೂಟ ಅಂದರೆ ಕಲೆಕ್ಟಿವ್ ಜತೆಗಿನ ಒಪ್ಪಂದ, ಏಜೆಂಟ್ ಒಪ್ಪಂದ, ಮತ್ತು ಸ್ವತಃ ವಿಶ್ವವಿದ್ಯಾಲಯದ ಆದಾಯ ಹಂಚಿಕೆ ಒಪ್ಪಂದ. ನಾಲ್ಕಕ್ಕೂ ಕಾನೂನು ಬೇರೆ ಬೇರೆ. ಇದರ ಮೇಲೆ ರಾಜ್ಯದಿಂದ ರಾಜ್ಯಕ್ಕೆ ಬದಲಾಗುವ ಎನ್‌ಐಎಲ್ ಕಾಯ್ದೆಗಳು.

ಹಂತ 1: ಯಾವುದಕ್ಕೆ ವಕೀಲರು ಬೇಕು, ಯಾವುದಕ್ಕೆ ಬೇಡ

ಊರ ಪಿಜ್ಜಾ ಅಂಗಡಿಯವರು ಒಂದು ಇನ್‌ಸ್ಟಾಗ್ರಾಂ ಪೋಸ್ಟಿಗೆ ನೂರು ಡಾಲರ್ ಕೊಡುತ್ತೇವೆಂದರೆ ಅದಕ್ಕಾಗಿ ಲಾಯರ್ ಆಫೀಸಿಗೆ ಓಡಬೇಕಾಗಿಲ್ಲ. ಆದರೆ ಮೊತ್ತ ಸಣ್ಣದು ಎಂಬ ಒಂದೇ ಕಾರಣಕ್ಕೆ ಕಾಗದ ನಿರಪಾಯಕಾರಿ ಎಂದುಕೊಳ್ಳಬೇಡಿ. ಎರಡು ಜತೆ ಶೂ ಕೊಟ್ಟು ಮುಖವನ್ನು ಶಾಶ್ವತವಾಗಿ ಬರೆಸಿಕೊಳ್ಳುವ ಒಪ್ಪಂದಗಳಿವೆ.

ಈ ನಾಲ್ಕರಲ್ಲಿ ಒಂದು ಕಂಡರೂ, ಹಣ ಎಷ್ಟೇ ಇರಲಿ, ವಕೀಲರಿಗೆ ತೋರಿಸಿ:
- ಮುಂದಿನ ಗಳಿಕೆಯಲ್ಲಿ ಪಾಲು ಕೇಳುವುದು
- ಚಿತ್ರ, ದನಿ, ವಿಡಿಯೊಗಳ ಹಕ್ಕನ್ನು ಕಾಲಮಿತಿಯಿಲ್ಲದೆ ಕೇಳುವುದು
- ಬೇರೆ ಕಂಪನಿಗಳ ಜತೆ ಕೆಲಸ ಮಾಡಬಾರದು ಎನ್ನುವುದು
- ಕೊಟ್ಟ ಹಣವನ್ನು ಯಾವುದಾದರೂ ಕಾರಣಕ್ಕೆ ವಾಪಸ್ ಕೊಡಬೇಕು ಎನ್ನುವುದು

ವಿಶ್ವವಿದ್ಯಾಲಯದ ಹಂಚಿಕೆ ಒಪ್ಪಂದಕ್ಕಂತೂ ವಕೀಲರು ಬೇಕೇ ಬೇಕು. ಇನ್ನು ಎನ್‌ಐಎಲ್ ಆ್ಯಪ್‌ಗಳಲ್ಲಿ ‘ಒಪ್ಪಿದ್ದೇನೆ’ ಎಂದು ಒತ್ತುವ ಬಟನ್ ಕೂಡ ಸಹಿಯೇ. ಆ ಉದ್ದನೆಯ ನಿಯಮಾವಳಿಯನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ.

ಹಂತ 2: ಯಾರು ನಿಮ್ಮ ಕಡೆಯವರು ಎಂದು ಗುರುತಿಸಿಕೊಳ್ಳಿ

ನಮ್ಮ ಮನೆಗಳು ಹೆಚ್ಚಾಗಿ ಎಡವುವುದು ಇಲ್ಲಿ. ಕೋಚ್ ಎಂದರೆ ಗುರುಗಳು, ಅವರು ತೋರಿಸಿದ ಕಡೆ ಸಹಿ ಹಾಕುವುದು ನಮಗೆ ಸಹಜ. ಅಥ್ಲೆಟಿಕ್ ವಿಭಾಗದ ಕಂಪ್ಲಯನ್ಸ್ ಕಚೇರಿಯವರೂ ಬಲು ಸೌಜನ್ಯದವರು. ನಿಯಮ ಏನು ಹೇಳುತ್ತದೆ, ಯಾವ ಫಾರಂ ತುಂಬಬೇಕು ಎಂದು ಅವರಿಂದ ತಿಳಿದುಕೊಳ್ಳಲೇಬೇಕು. ಆದರೆ ಅವರು ಕಾಯುವುದು ವಿಶ್ವವಿದ್ಯಾಲಯದ ಹಿತವನ್ನು. ನೀವು ಅವರಿಗೆ ಹೇಳಿದ ಮಾತಿಗೆ ವಕೀಲ ಮತ್ತು ಕಕ್ಷಿದಾರರ ನಡುವಿನ ಗೌಪ್ಯತೆಯ ರಕ್ಷಣೆ ಇರುವುದಿಲ್ಲ. ವಿಶ್ವವಿದ್ಯಾಲಯವೇ ಹಣ ಕೊಡುವ ಒಪ್ಪಂದದಲ್ಲಂತೂ ಅವರು ಮೇಜಿನ ಆಚೆ ಬದಿಯವರು.

ಇದು ಬರೀ ಅನುಮಾನದ ಮಾತಲ್ಲ. ಡೇಮನ್ ವಿಲ್ಸನ್ ಎಂಬ ಫುಟ್‌ಬಾಲ್ ಆಟಗಾರ ಜಾರ್ಜಿಯಾ ಬಿಟ್ಟು ಮಿಸ್ಸೌರಿಗೆ ಹೋದಾಗ, ಜಾರ್ಜಿಯಾದ ಅಥ್ಲೆಟಿಕ್ ಸಂಸ್ಥೆ ಒಪ್ಪಂದದಲ್ಲಿದ್ದ ಪರಿಹಾರದ ಷರತ್ತನ್ನು ಹಿಡಿದು 3,90,000 ಡಾಲರ್ ಕೇಳಿತು. ವ್ಯಾಜ್ಯ ಕೋರ್ಟ್ ಮೆಟ್ಟಿಲೇರಿತು.

ಏಜೆಂಟ್ ನಿಮ್ಮ ಕಡೆಯವರೇ, ಆದರೆ ಪೂರ್ತಿ ಅಲ್ಲ. ಅವರ ಸಂಪಾದನೆ ಶೇಕಡಾವಾರು. ಒಪ್ಪಂದ ಆದರೆ ಉಂಟು, ಮುರಿದರೆ ಇಲ್ಲ. ‘ಇದಕ್ಕೆ ಸಹಿ ಹಾಕಬೇಡ’ ಎನ್ನುವುದರಿಂದ ಅವರಿಗೆ ನಷ್ಟ. ವಕೀಲರಿಗೆ ಗಂಟೆ ಲೆಕ್ಕದಲ್ಲೋ ಒಂದೇ ಮೊತ್ತವಾಗಿಯೋ ನೀವೇ ಫೀ ಕೊಟ್ಟರೆ, ನೀವು ಸಹಿ ಹಾಕಿದರೂ ಬಿಟ್ಟರೂ ಅವರಿಗೆ ಅಷ್ಟೇ. ಆ ನಿರ್ಲಿಪ್ತತೆಗಾಗಿಯೇ ಫೀ ಕೊಡುವುದು. ಹಾಗಾಗಿ ಬ್ರ್ಯಾಂಡ್‌ನವರು, ಕಲೆಕ್ಟಿವ್‌ನವರು ಅಥವಾ ಏಜೆಂಟ್ ‘ನಮ್ಮ ಲಾಯರ್ ಇದ್ದಾರೆ, ಉಚಿತವಾಗಿ ನೋಡಿಕೊಡುತ್ತಾರೆ’ ಎಂದರೆ ವಂದನೆ ಹೇಳಿ ಬೇರೆಯವರನ್ನು ಹುಡುಕಿ.

ಏಜೆಂಟ್ ಒಪ್ಪಂದದ ಬಗ್ಗೆ ಇನ್ನೊಂದು ಮಾತು. 40ಕ್ಕೂ ಹೆಚ್ಚು ರಾಜ್ಯಗಳಲ್ಲಿ ಕ್ರೀಡಾ ಏಜೆಂಟರ ಮಾದರಿ ಕಾಯ್ದೆ ಜಾರಿಯಲ್ಲಿದೆ. ಅದರ ಪ್ರಕಾರ ಏಜೆಂಟ್ ರಾಜ್ಯದಲ್ಲಿ ನೋಂದಾಯಿಸಿರಬೇಕು, ಸಹಿಯಾದ ಸುದ್ದಿ 72 ಗಂಟೆಯೊಳಗೆ ಅಥ್ಲೆಟಿಕ್ ಡೈರೆಕ್ಟರ್‌ಗೆ ತಲುಪಬೇಕು, ವಿದ್ಯಾರ್ಥಿ 14 ದಿನದೊಳಗೆ ಒಪ್ಪಂದ ರದ್ದು ಮಾಡಬಹುದು. ಈ 14 ದಿನದ ಸವಲತ್ತು ಏಜೆಂಟ್ ಒಪ್ಪಂದಕ್ಕೆ ಮಾತ್ರ. ಶೂ ಕಂಪನಿಯ ಜತೆಗಿನ ಒಪ್ಪಂದಕ್ಕೂ ಇದೆ ಎಂದು ನಂಬಿ ಸಹಿ ಹಾಕಿದರೆ ಕೆಟ್ಟಿರಿ.

ಹಂತ 3: ವಕೀಲರನ್ನು ಹುಡುಕುವುದು

ಮನೆ ಖರೀದಿಗೆ ಬಂದ ವಕೀಲರು, ಗ್ರೀನ್ ಕಾರ್ಡ್ ಮಾಡಿಸಿಕೊಟ್ಟ ವಕೀಲರು, ಕನ್ನಡ ಕೂಟದಲ್ಲಿ ಸಿಕ್ಕ ಪರಿಚಯದ ವಕೀಲರು ಇವರೆಲ್ಲ ಒಳ್ಳೆಯವರೇ ಇರಬಹುದು, ಆದರೆ ಈ ಕೆಲಸಕ್ಕೆ ಬೇಕಾದವರು ಕ್ರೀಡೆ ಅಥವಾ ಮನರಂಜನಾ ಕ್ಷೇತ್ರದ ಒಪ್ಪಂದ ನೋಡಿದವರು. ಊರಲ್ಲಿ ಎಲ್‌ಎಲ್‌ಬಿ ಓದಿದ ಸೋದರಮಾವ ಇದ್ದರೆ ಅವರಿಂದ ಧೈರ್ಯ ಪಡೆಯಿರಿ, ಸಲಹೆ ಬೇಡ. ಭಾರತದಲ್ಲಿ ಅಪ್ರಾಪ್ತ ವಯಸ್ಕರ ಕರಾರು ಹುಟ್ಟುವಾಗಲೇ ಶೂನ್ಯ ಎಂದು 1903ರಿಂದ ಪಾಠ. ಅಮೆರಿಕದಲ್ಲಿ ಸಾಮಾನ್ಯವಾಗಿ ಹಾಗಲ್ಲ. 18 ತುಂಬದ ಮಗು ಸಹಿ ಹಾಕಿದ ಒಪ್ಪಂದವನ್ನು ಮಗು ತಿರಸ್ಕರಿಸಬಹುದು, ಆದರೆ ತಿರಸ್ಕರಿಸುವವರೆಗೆ ಅದು ಜೀವಂತ. ಇದನ್ನು ತಪ್ಪಿಸಲು ಕಂಪನಿಗಳು ಅಪ್ಪ ಅಮ್ಮಂದಿರಿಂದ ಖಾತರಿ ಬರೆಸಿಕೊಳ್ಳುತ್ತವೆ. ಅಲ್ಲಿಗೆ ಹೊಣೆ ನಿಮ್ಮ ತಲೆಗೆ. ಹೈಸ್ಕೂಲು ಮಕ್ಕಳ ಒಪ್ಪಂದವಾದರೆ ಆ ರಾಜ್ಯದ ಹೈಸ್ಕೂಲು ಕ್ರೀಡಾ ಸಂಘದ ನಿಯಮವನ್ನೂ ವಕೀಲರು ನೋಡಬೇಕು.

ಹುಡುಕುವ ದಾರಿಗಳು ಮೂರು. ರಾಜ್ಯದ ಬಾರ್ ಅಸೋಸಿಯೇಷನ್‌ನಲ್ಲಿ ವಕೀಲರನ್ನು ಸೂಚಿಸುವ ಸೇವೆ ಇರುತ್ತದೆ. ಅನೇಕ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಕಾನೂನು ಸೇವಾ ಕಚೇರಿ ಇದೆ. ಕಟ್ಟಿದ ಶುಲ್ಕದಲ್ಲೇ ಅದೂ ಸೇರಿರುತ್ತದೆ. ಸಣ್ಣ ಒಪ್ಪಂದಗಳಿಗೆ ಇದು ಧಾರಾಳ ಸಾಕು, ಆದರೆ ವಿಶ್ವವಿದ್ಯಾಲಯದ ವಿರುದ್ಧ ನಿಲ್ಲುವ ವಿಷಯವನ್ನು ಅವರು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮೂರನೆಯದು ಲಾ ಸ್ಕೂಲ್‌ಗಳ ಕ್ಲಿನಿಕ್: ಪ್ರಾಧ್ಯಾಪಕರ ಮೇಲ್ವಿಚಾರಣೆಯಲ್ಲಿ ಕಾನೂನು ವಿದ್ಯಾರ್ಥಿಗಳು ಉಚಿತವಾಗಿ ಓದಿಕೊಡುತ್ತಾರೆ. ಯಾರೇ ಸಿಗಲಿ, ಅವರ ಹೆಸರನ್ನು ರಾಜ್ಯ ಬಾರ್‌ನ ವೆಬ್‌ಸೈಟಿನಲ್ಲಿ ಹಾಕಿ ಪರವಾನಗಿ ಚಾಲ್ತಿಯಲ್ಲಿದೆಯೇ, ಶಿಸ್ತು ಕ್ರಮ ಆಗಿದೆಯೇ ನೋಡಿ. ಐದು ನಿಮಿಷದ ಕೆಲಸ.

ಮೊದಲ ಫೋನಿನಲ್ಲೇ ಕೇಳಬೇಕಾದವು: ಎನ್‌ಐಎಲ್ ಒಪ್ಪಂದಗಳನ್ನು ನೋಡಿದ್ದೀರಾ? ಈ ಕಂಪನಿಗೋ ಈ ವಿಶ್ವವಿದ್ಯಾಲಯಕ್ಕೋ ಕೆಲಸ ಮಾಡುತ್ತೀರಾ, ಅಥವಾ ನೀವೇ ವಿಶ್ವವಿದ್ಯಾಲಯದ ದೊಡ್ಡ ದಾನಿಯೇ? ಓದಿ ಹೇಳುವುದಕ್ಕೆ ಎಷ್ಟು, ತಿದ್ದಿ ಆ ಕಡೆಯವರ ಜತೆ ಮಾತಾಡುವುದಕ್ಕೆ ಎಷ್ಟು? ಉತ್ತರಗಳೆಲ್ಲ ಒಪ್ಪಿಗೆಯಾದರೆ ಕೆಲಸದ ವ್ಯಾಪ್ತಿ ಮತ್ತು ಫೀ ಬರೆದ ಪತ್ರ ಕೇಳಿ ಪಡೆಯಿರಿ.

ಇಲ್ಲೊಂದು ಮುಜುಗರದ ಸಂಗತಿ. ಫೀ ಕೊಡುವವರು ಅಪ್ಪನಾದರೂ ಕಕ್ಷಿದಾರ ಮಗನೇ. 18 ದಾಟಿದ್ದರೆ ವಕೀಲರು ಅವನೊಬ್ಬನ ಜತೆ ಮಾತಾಡಬೇಕು ಎನ್ನಬಹುದು. ಮೂರನೆಯವರು ಕೋಣೆಯಲ್ಲಿದ್ದರೆ ಗೌಪ್ಯತೆಯ ರಕ್ಷಣೆ ಸಡಿಲವಾಗುವ ಅಪಾಯವಿದೆ. ಬೇಸರ ಪಟ್ಟುಕೊಳ್ಳದೆ ಹೊರಗೆ ಕೂತು ಕಾಫಿ ಕುಡಿಯಿರಿ.

ಹಂತ 4: ಕೈಯಲ್ಲಿ ಏನೇನು ಇರಬೇಕು

ಒಪ್ಪಂದದ ಪೂರ್ತಿ ಪ್ರತಿ, ಅದರಲ್ಲಿ ‘ಅನುಬಂಧ’ ಎಂದು ಹೆಸರಿಸಿದ ಪ್ರತಿಯೊಂದು ಕಾಗದವೂ ಸೇರಿ. ಸ್ಕಾಲರ್‌ಶಿಪ್ ಪತ್ರ, ವಿಶ್ವವಿದ್ಯಾಲಯದ ಎನ್‌ಐಎಲ್ ನೀತಿ, ಹಿಂದೆ ಸಹಿ ಹಾಕಿದ ಬೇರೆ ಒಪ್ಪಂದಗಳು. ವಿದ್ಯಾರ್ಥಿ ವೀಸಾದಲ್ಲಿದ್ದರೆ ವಿಶ್ವವಿದ್ಯಾಲಯ ಕೊಟ್ಟ ಐ-20 ಪತ್ರ. ಇವುಗಳನ್ನು ಎರಡು ದಿನ ಮುಂಚೆ ಮೇಲ್ ಮಾಡಿದರೆ, ಓದುವುದಕ್ಕೇ ಭೇಟಿಯ ಸಮಯ ಹೋಗುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಒಂದು ಹಾಳೆ: ಬಾಯಿಮಾತಿನಲ್ಲಿ ಯಾರು ಏನೇನು ಹೇಳಿದರು ಎಂಬ ಪಟ್ಟಿ. ಸಂದೇಶಗಳ ಸ್ಕ್ರೀನ್‌ಶಾಟ್ ಜತೆಗಿರಲಿ. 2024ರಲ್ಲಿ ನೆವಾಡಾದ ಯುಎನ್‌ಎಲ್‌ವಿ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್ ಮ್ಯಾಥ್ಯೂ ಸ್ಲೂಕಾ ಆಡಿದ ಮೂರೂ ಪಂದ್ಯ ಗೆದ್ದು ತಂಡ ಬಿಟ್ಟರು. ಕೊಡುತ್ತೇವೆಂದ ಒಂದು ಲಕ್ಷ ಡಾಲರ್ ಬಂದಿಲ್ಲ ಎಂಬುದು ಅವರ ಕಡೆಯ ದೂರು. ಅಂಥ ಒಪ್ಪಂದವೇ ಆಗಿಲ್ಲ ಎಂಬುದು ಆ ಕಡೆಯ ಉತ್ತರ. ಆ ಮೊತ್ತ ಕಾಗದದಲ್ಲಿ ಇರಲಿಲ್ಲ. ಬಹುತೇಕ ಒಪ್ಪಂದಗಳ ಕೊನೆಯಲ್ಲಿ ‘ಇದೇ ಪೂರ್ಣ ಒಪ್ಪಂದ, ಹಿಂದಿನ ಮಾತುಕತೆ ಲೆಕ್ಕಕ್ಕಿಲ್ಲ’ ಎಂಬ ಸಾಲಿರುತ್ತದೆ. ಆ ಸಾಲಿಗೆ ಸಹಿ ಹಾಕುವ ಮುಂಚೆ, ಪಟ್ಟಿಯಲ್ಲಿರುವ ಪ್ರತಿ ಮಾತನ್ನೂ ಒಪ್ಪಂದದೊಳಗೆ ಸೇರಿಸಲು ವಕೀಲರಿಗೆ ಹೇಳಿ.

ಹಂತ 5: ವಕೀಲರ ಜತೆ ಕೂತು ಓದುವುದು

ಮೊದಲ ಪುಟದಿಂದ ಓದಬೇಡಿ. ‘ಈ ಒಪ್ಪಂದ ಮುಗಿಯುವುದು ಹೇಗೆ’ ಎಂದು ಕೇಳಿ, ಅಲ್ಲಿಂದ ಶುರುಮಾಡಿ. ಕಂಪನಿ ಯಾವಾಗ ಬೇಕಾದರೂ ಬಿಡಬಹುದು, ಆಟಗಾರ್ತಿ ಮಾತ್ರ ಬಿಡುವಂತಿಲ್ಲ ಎಂದಿದೆಯೇ? ಗಾಯವಾದರೆ? ಬೇರೆ ವಿಶ್ವವಿದ್ಯಾಲಯಕ್ಕೆ ವರ್ಗವಾದರೆ? ಕೋಚ್ ತಂಡದಿಂದ ಕೈಬಿಟ್ಟರೆ? ಪ್ರತಿ ಪ್ರಶ್ನೆಗೂ ಎರಡು ಉತ್ತರ ಬೇಕು: ಬಂದ ಹಣ ನಮ್ಮದಾಗಿ ಉಳಿಯುತ್ತದೆಯೇ, ಬರಬೇಕಾದ ಹಣ ಬರುತ್ತದೆಯೇ. ಜೇಡನ್ ರಶಾಡಾ ಎಂಬ ಹೈಸ್ಕೂಲು ಕ್ವಾರ್ಟರ್‌ಬ್ಯಾಕ್‌ಗೆ ಫ್ಲೋರಿಡಾದ ಕಲೆಕ್ಟಿವ್ ಒಂದರ ಜತೆ 1.385 ಕೋಟಿ ಡಾಲರ್‌ನ ಒಪ್ಪಂದ ಆಗಿತ್ತು. ಹಣ ಬರುವ ಮುಂಚೆಯೇ ಕಲೆಕ್ಟಿವ್ ಅದನ್ನು ರದ್ದು ಮಾಡಿತು. 2024ರಲ್ಲಿ ಅವರು ಕೋಚ್ ಮತ್ತಿತರರ ಮೇಲೆ ದಾವೆ ಹೂಡಿದರು. ಮೊತ್ತದ ಸಾಲು ದೊಡ್ಡಕ್ಷರದಲ್ಲಿದ್ದರೂ ಬೆಲೆ ಕಟ್ಟುವುದು ರದ್ದತಿಯ ಸಾಲು.

ಆಮೇಲೆ ಹಕ್ಕುಗಳ ಕಲಂ. ‘ಪರ್ಪೆಚುಯಿಟಿ’, ಅಂದರೆ ಶಾಶ್ವತವಾಗಿ, ಎಂಬ ಪದ ಇದೆಯೇ ಹುಡುಕಿ. ಇದ್ದರೆ ಒಪ್ಪಂದದ ಅವಧಿ, ಜತೆಗೆ ಹಳೆಯ ಪೋಸ್ಟ್‌ಗಳಿಗೆ ಕೆಲವು ತಿಂಗಳು ಎಂದು ಬದಲಿಸಲು ಕೇಳಿ. ಮುಖ ಮತ್ತು ದನಿಯನ್ನು ಬಳಸಿ ಎಐ ಮೂಲಕ ಹೊಸ ಚಿತ್ರ, ವಿಡಿಯೊ ಮಾಡಲು ಅನುಮತಿ ಅಡಗಿದೆಯೇ ಎಂದು ಈಗ ಕೇಳಲೇಬೇಕು. ಹಕ್ಕನ್ನು ಕಂಪನಿ ಮೂರನೆಯವರಿಗೆ ಮಾರಬಹುದೇ ಎಂಬುದೂ ಇದೇ ಕಲಂನಲ್ಲಿ ಇರುತ್ತದೆ.

ಏಕಸ್ವಾಮ್ಯದ ಷರತ್ತಿನಲ್ಲಿ ವ್ಯಾಖ್ಯೆಯೇ ಎಲ್ಲ. ‘ಸ್ಪೋರ್ಟ್ಸ್ ಡ್ರಿಂಕ್’ ಎಂದರೆ ಒಂದು ಬಾಗಿಲು ಮುಚ್ಚಿದಂತೆ. ‘ಪಾನೀಯ’ ಎಂದು ಬರೆದರೆ ನಾಳೆ ಕಾಫಿ ಕಂಪನಿಯೂ ಇಲ್ಲ, ನೀರಿನ ಬಾಟಲಿಯೂ ಇಲ್ಲ. ತಂಡಕ್ಕೆ ಒಂದು ಕಂಪನಿಯ ಜತೆ ಉಡುಪಿನ ಒಪ್ಪಂದ ಇದ್ದರೆ, ಅದಕ್ಕೆ ವಿರುದ್ಧವಾದ ಷರತ್ತಿಗೆ ಆಟಗಾರ ಒಪ್ಪಬಾರದು ಎಂದು ಕ್ಯಾಲಿಫೋರ್ನಿಯಾದಂಥ ರಾಜ್ಯಗಳ ಕಾನೂನೇ ಹೇಳುತ್ತದೆ. ಜೆರ್ಸಿ, ಲೋಗೊ ಹಾಕಿಕೊಂಡು ಫೋಟೊ ತೆಗೆಸಿಕೊಳ್ಳಲು ವಿಶ್ವವಿದ್ಯಾಲಯದ ಪ್ರತ್ಯೇಕ ಅನುಮತಿ ಬೇಕು. ‘ಅನುಮತಿ ತರುವ ಜವಾಬ್ದಾರಿ ಆಟಗಾರರದ್ದು’ ಎಂದಿದ್ದರೆ ಹೊಡೆದುಹಾಕಿಸಿ.

ಗೌಪ್ಯತೆಯ ಕಲಂ ನಿರುಪದ್ರವಿಯಂತೆ ಕಾಣುತ್ತದೆ. ಆದರೆ ಎನ್‌ಸಿಎಎಯ ಮೇಲ್ಮಟ್ಟವಾದ ಡಿವಿಷನ್ 1ರ ಆಟಗಾರರು ಹೊರಗಿನವರ ಜತೆಗಿನ, ಒಟ್ಟು 600 ಡಾಲರ್ ಮುಟ್ಟಿದ ಒಪ್ಪಂದಗಳನ್ನು ಎನ್‌ಐಎಲ್ ಗೋ ಎಂಬ ವ್ಯವಸ್ಥೆಗೆ ಐದು ಕೆಲಸದ ದಿನಗಳೊಳಗೆ ವರದಿ ಮಾಡಬೇಕು. ಹೌಸ್ ರಾಜಿಯ ನಂತರ ಬಂದ ನಿಯಮ ಇದು. ನೋಡಿಕೊಳ್ಳುವುದು ಕಾಲೇಜ್ ಸ್ಪೋರ್ಟ್ಸ್ ಕಮಿಷನ್. ಹಾಗಾಗಿ ವಿಶ್ವವಿದ್ಯಾಲಯ, ಕಮಿಷನ್, ವಕೀಲರು, ತೆರಿಗೆ ಸಲಹೆಗಾರರು, ತಂದೆ ತಾಯಿ ಇವರಿಗೆ ತೋರಿಸಬಹುದು ಎಂಬ ವಿನಾಯಿತಿ ಬರೆಸಿ. ಕಮಿಷನ್ ಒಪ್ಪದಿದ್ದರೆ ಏನು ಎಂಬುದಕ್ಕೂ ಒಂದು ಸಾಲು ಬೇಕು: ಒಪ್ಪಂದ ತಾನಾಗಿ ಬೀಳಬೇಕು, ಯಾರೂ ಯಾರಿಗೂ ದಂಡ ಕೊಡಬೇಕಾಗಿಲ್ಲ.

ವ್ಯಾಜ್ಯ ಎಲ್ಲಿ, ಯಾವ ರಾಜ್ಯದ ಕಾನೂನಿನಂತೆ, ಕೋರ್ಟಿನಲ್ಲೋ ಮಧ್ಯಸ್ಥಿಕೆಯಲ್ಲೋ ಎಂಬುದನ್ನು ವಕೀಲರೇ ನೋಡುತ್ತಾರೆ. ನಷ್ಟ ಭರಿಸುವ ಷರತ್ತು ಒಂದೇ ಕಡೆ ವಾಲದಂತೆಯೂ ನೋಡಿಕೊಳ್ಳುತ್ತಾರೆ. ನೀವು ನೆನಪಿಡಬೇಕಾದದ್ದು, ಹಣ ಪಡೆದ ಪೋಸ್ಟಿನಲ್ಲಿ ಅದು ಜಾಹೀರಾತು ಎಂದು ಎದ್ದು ಕಾಣುವಂತೆ ಹೇಳಬೇಕು. ಇದು ಫೆಡರಲ್ ಟ್ರೇಡ್ ಕಮಿಷನ್‌ನ ನಿಯಮ. ಹೊಣೆ ಕಂಪನಿಯ ಮೇಲಷ್ಟೇ ಅಲ್ಲ, ಪೋಸ್ಟ್ ಹಾಕಿದವರ ಮೇಲೂ ಇದೆ.

ಎಫ್-1, ಅಂದರೆ ವಿದ್ಯಾರ್ಥಿ ವೀಸಾದ ಮಕ್ಕಳು: ಇಲ್ಲಿ ಇಬ್ಬರು ವಕೀಲರು ಬೇಕು

ಸೋಮದೇವ್ ದೇವವರ್ಮನ್ 2007, 2008ರಲ್ಲಿ ವರ್ಜೀನಿಯಾದಿಂದ ಎನ್‌ಸಿಎಎ ಟೆನಿಸ್ ಸಿಂಗಲ್ಸ್ ಗೆದ್ದರು. ತೇಜಸ್ವಿನ್ ಶಂಕರ್ ಕ್ಯಾನ್ಸಾಸ್ ಸ್ಟೇಟ್‌ನಿಂದ ಹೈಜಂಪ್ ಗೆದ್ದರು. ಆ ದಾರಿ ಹಿಡಿದು ಬೆಂಗಳೂರಿನ ಈಜುಕೊಳಗಳಿಂದಲೂ ಟೆನಿಸ್ ಕೋರ್ಟುಗಳಿಂದಲೂ ಮಕ್ಕಳು ಹೋಗುತ್ತಿದ್ದಾರೆ. ತಂಡದ ಅಮೆರಿಕನ್ ಗೆಳತಿ ಜಾಹೀರಾತಿನಿಂದ ದುಡಿಯುವುದನ್ನು ನೋಡಿದರೆ ಆಸೆಯಾಗುವುದು ಸಹಜ. ಆದರೆ ಎಫ್-1 ವೀಸಾದಲ್ಲಿ ಅನುಮತಿಯಿಲ್ಲದ ದುಡಿಮೆ ಎಂದರೆ ಸ್ಟೇಟಸ್ಸೇ, ಅಂದರೆ ಅಲ್ಲಿ ಉಳಿಯುವ ಹಕ್ಕೇ, ಹೋಗಬಹುದು. ಅಲ್ಲಿಗೆ ಓದೂ ಇಲ್ಲ, ಆಟವೂ ಇಲ್ಲ. ಎನ್‌ಸಿಎಎ ಅನುಮತಿಗೂ ವಲಸೆ ಕಾನೂನಿಗೂ ಸಂಬಂಧವೇ ಇಲ್ಲ.

2022ರ ಆಗಸ್ಟ್‌ನಲ್ಲಿ ಕೆಂಟಕಿಯ ಬ್ಯಾಸ್ಕೆಟ್‌ಬಾಲ್ ಆಟಗಾರ, ಕಾಂಗೊ ಮೂಲದ ಆಸ್ಕರ್ ಶೀಬ್ವೆ, ತಂಡ ಬಹಾಮಾಸ್ ಪ್ರವಾಸದಲ್ಲಿದ್ದಾಗ ಅಲ್ಲಿಯೇ ಜಾಹೀರಾತಿನ ಚಿತ್ರೀಕರಣ ಮುಗಿಸಿದರು. ಕೆಲಸ ಅಮೆರಿಕದ ನೆಲದಲ್ಲಿ ನಡೆಯಲಿಲ್ಲ ಎಂಬುದು ತರ್ಕ. ರಜೆಗೆ ಬೆಂಗಳೂರಿಗೆ ಬಂದಾಗ ಇಲ್ಲಿನ ಕಂಪನಿಗೆ ಮಾಡುವ ಜಾಹೀರಾತಿಗೂ ಇದೇ ತರ್ಕ ಹೊಂದಬಹುದು. ಆದರೆ ಶೂಟಿಂಗ್ ಇಲ್ಲಿ ಮುಗಿಸಿ ಪೋಸ್ಟ್ ಅಲ್ಲಿಂದ ಹಾಕಿದರೆ? ಒಪ್ಪಂದದಲ್ಲಿ ತಿಂಗಳಿಗೆರಡು ಪೋಸ್ಟ್ ಎಂದಿದ್ದರೆ? ಇದನ್ನು ನೆಂಟರ ವಾಟ್ಸ್ಆ್ಯಪ್ ಗುಂಪಿನಲ್ಲಿ ತೀರ್ಮಾನಿಸಬೇಡಿ. ಮೊದಲು ವಿಶ್ವವಿದ್ಯಾಲಯದ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿ, ಆಮೇಲೆ ವಲಸೆ ವಕೀಲರು, ಅವರ ಉತ್ತರ ಮೇಲ್‌ನಲ್ಲಿ ಕೈಗೆ ಬಂದ ಮೇಲಷ್ಟೇ ಒಪ್ಪಂದದ ವಕೀಲರು. ಸ್ಪಷ್ಟ ಉತ್ತರ ಬಾರದಿದ್ದರೆ ಬಿಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಪದವಿಗಿಂತ ದೊಡ್ಡ ಜಾಹೀರಾತು ಯಾವುದೂ ಇಲ್ಲ.

ಹಂತ 6: ತಿದ್ದುಪಡಿ ಕೇಳುವುದು

‘ಇವತ್ತು ರಾತ್ರಿಯೊಳಗೆ ಸಹಿ ಮಾಡಿ, ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತೇವೆ’ ಎಂದು ಅವಸರ ಮಾಡುವವರು ಇದ್ದೇ ಇರುತ್ತಾರೆ. ಅದಕ್ಕೆ ವಿನಯದ ಎರಡು ಸಾಲು ಸಾಕು: ಆಸಕ್ತಿ ಇದೆ, ನನ್ನ ವಕೀಲರು ಓದುತ್ತಿದ್ದಾರೆ, ಶುಕ್ರವಾರದೊಳಗೆ ತಿಳಿಸುತ್ತೇನೆ. ನಿಜವಾದ ಕಂಪನಿಗೆ ಇದು ದಿನನಿತ್ಯದ ಮಾತು. ಇದಕ್ಕೆ ಸಿಟ್ಟಾದರೆ, ಹಣ ಕೊಡುವಾಗ ಹೇಗೆ ನಡೆದುಕೊಳ್ಳುತ್ತಾರೆಂದು ಈಗಲೇ ಗೊತ್ತಾಯಿತು.

ವಕೀಲರು ಇಪ್ಪತ್ತು ತಿದ್ದುಪಡಿ ಸೂಚಿಸಬಹುದು. ಎಲ್ಲವೂ ಸಿಗುವುದಿಲ್ಲ. ‘ಇದು ಸಿಗದಿದ್ದರೆ ಸಹಿ ಬೇಡ’ ಎನ್ನುವಂಥವು ಯಾವುವು ಎಂದು ಅವರಿಂದಲೇ ಬೇರ್ಪಡಿಸಿಕೊಳ್ಳಿ. ಮುಂದಿನ ಗಳಿಕೆಯ ಪಾಲು ಮತ್ತು ಶಾಶ್ವತ ಹಕ್ಕು, ಈ ಎರಡರಲ್ಲಿ ನಾನಂತೂ ರಾಜಿಗೆ ಒಪ್ಪುವುದಿಲ್ಲ. ಕೊನೆಗೆ ಸಹಿಗೆ ಬಂದ ಪ್ರತಿಯನ್ನು ಒಪ್ಪಿಕೊಂಡ ಪ್ರತಿಯ ಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿ ನೋಡಿ.

ಹಂತ 7: ಸಹಿಯಾದ ಮೇಲೆ

ಎರಡೂ ಕಡೆಯವರು ಸಹಿ ಮಾಡಿದ ಪ್ರತಿಯನ್ನು ಇಟ್ಟುಕೊಳ್ಳಿ, ಐದು ದಿನದ ವರದಿ ಕಳಿಸಿ, ಹಣ ಬರಬೇಕಾದ ತಾರೀಕುಗಳನ್ನೂ ಒಪ್ಪಂದ ತಾನಾಗಿ ನವೀಕರಣವಾಗುವ ತಾರೀಕನ್ನೂ ಫೋನಿನ ಕ್ಯಾಲೆಂಡರಿಗೆ ಹಾಕಿ.

ಉಳಿದದ್ದು ತೆರಿಗೆ. ಜಾಹೀರಾತು ಹಣದಿಂದ ಕಂಪನಿ ಸಾಮಾನ್ಯವಾಗಿ ತೆರಿಗೆ ಮುರಿದುಕೊಂಡಿರುವುದಿಲ್ಲ. ಆಟಗಾರರನ್ನು ಸ್ವಂತ ಉದ್ಯೋಗಿ ಎಂದು ಲೆಕ್ಕ ಹಿಡಿಯುವುದರಿಂದ, ವರ್ಷದ ನಿವ್ವಳ ಗಳಿಕೆ 400 ಡಾಲರ್ ಮುಟ್ಟಿದರೆ ಆದಾಯ ತೆರಿಗೆಯ ಜತೆಗೆ ಶೇ. 15.3ರ ಸ್ವಯಂ ಉದ್ಯೋಗ ತೆರಿಗೆಯೂ ಬೀಳುತ್ತದೆ. ಹಣದ ಬದಲು ಶೂ, ಫೋನು, ಕಾರು ಕೊಟ್ಟರೂ ಅದರ ಮಾರುಕಟ್ಟೆ ಬೆಲೆ ಆದಾಯವೇ; ಕಾರಿಗೆ ತೆರಿಗೆ ಕಟ್ಟಲು ಕಾರು ಮಾರಬೇಕಾದ ಪರಿಸ್ಥಿತಿ ಬಾರದಿರಲಿ. ಅಗತ್ಯ ನೋಡಿ ಕೊಡುವ ಸರ್ಕಾರಿ ವಿದ್ಯಾರ್ಥಿ ನೆರವಿನ ಲೆಕ್ಕಕ್ಕೂ ಈ ಆದಾಯ ಸೇರುತ್ತದೆ. ಬಂದ ಪ್ರತಿ ಚೆಕ್ಕಿನಲ್ಲಿ ಮೂರನೇ ಒಂದು ಭಾಗವನ್ನು ಬೇರೆ ಖಾತೆಗೆ ಹಾಕಿಡಿ. ತೆರಿಗೆ ಹೊರೆ ದೊಡ್ಡದಾಗುವಂತಿದ್ದರೆ ಏಪ್ರಿಲ್ 15, ಜೂನ್ 15, ಸೆಪ್ಟೆಂಬರ್ 15, ಮರುವರ್ಷದ ಜನವರಿ 15, ಹೀಗೆ ನಾಲ್ಕು ಕಂತಿನಲ್ಲಿ ಅಂದಾಜು ತೆರಿಗೆ ಕಟ್ಟಬೇಕು. ಅದಕ್ಕೆ ವಕೀಲರಲ್ಲ, ಒಬ್ಬ ಸಿಪಿಎ, ಅಂದರೆ ಪರವಾನಗಿ ಪಡೆದ ಲೆಕ್ಕಿಗರು ಬೇಕು. ಮೊದಲ ಕಂತಿನ ತಾರೀಕಿಗೆ ಒಂದು ತಿಂಗಳು ಮುಂಚೆಯೇ ಅವರನ್ನು ಗೊತ್ತುಮಾಡಿಕೊಳ್ಳಿ, ಏಪ್ರಿಲ್‌ನಲ್ಲಿ ಅವರು ಫೋನ್ ಎತ್ತುವುದು ಕಷ್ಟ.